ತಣ್ಣಗಿನ ದೀಪ

ಉತ್ತರ ಸ್ವೀಡನ್ನಿನ ಆರ್ವಿಡ್ಸ್‌ಯೌರ್ ಊರಿನ ಗ್ಯಾರೇಜಿನಲ್ಲಿ ಚಳಿಗಾಲದ ಟೈರು ಹಾಕಿಸಲು ಬಂದ ರಾಂಗ್‌ಹಿಲ್ಡ್ ಕಾಫಿ ಹಿಡಿದು ಕೂತಿದ್ದಳು. ಮಧ್ಯಾಹ್ನ ಎರಡೂವರೆಗೇ ಹೊರಗೆ ಕತ್ತಲೆ. ಪಕ್ಕದ ಬೆಂಚಿನಲ್ಲಿ, ಮನೆಮನೆಗೆ ಹೋಗಿ ಸೂಜಿಮದ್ದು ಕೊಡುವ ನರ್ಸ್ ಮಾಯ್ವೋರ್, ಅಲ್ಲಿ ಮೆಕ್ಯಾನಿಕ್ ಆಗಿದ್ದ ತನ್ನ ತಮ್ಮ ಟೋರ್ಕೆಲ್‌ನೊಡನೆ ಮಾತಾಡುತ್ತಿದ್ದಳು.

“ಮೇಲಿನ ಹಳ್ಳಿಗಳ ದಾರಿ ಬಿಟ್ಬಿಡ್ತೀನಿ ಕಣೋ. ಆಫೀಸಿಗೆ ಇವತ್ತೇ ಹೇಳ್ತೀನಿ.”

“ಯಾಕಕ್ಕ? ಇಪ್ಪತ್ತು ವರ್ಷದ ದಾರಿ ಅದು.”

“ಕಣ್ಣು ಹೋಯ್ತು. ಮೊನ್ನೆ ಹಿಮ ಬೀಳೋವಾಗ ಹೋಗ್ತಾ ಹೋಗ್ತಾ ರಸ್ತೆನೇ ಮಾಯ. ಹಿಮಸಾರಂಗ ಮೂಗಿನ ಹತ್ರ ಬಂದ್ಮೇಲೆ ಕಾಣಿಸ್ತು.”

“ಕಾರಿಗೆ ಎಲ್‌ಇಡಿ ದೀಪ ಹಾಕಿಸ್ಕೊಂಡ್ಮೇಲೆ ತಾನೆ?”

“ಹೂಂ. ಅಷ್ಟು ಬೆಳಕಿದ್ದೂ ಕಾಣ್ಲಿಲ್ವಲ್ಲ!”

“ಕೆಳಗಿಳಿದು ದೀಪ ನೋಡಿದ್ಯಾ?”

“ಆ ಚಳೀಲಿ ಯಾರಪ್ಪ ಇಳೀತಾರೆ?”

“ಅಯ್ಯೋ ಅಕ್ಕಾ! ಹಳೇ ದೀಪ ಕಾದು ಕಾದು ಹಿಮ ಕರಗಿಸ್ತಿತ್ತು. ಹೊಸದರ ಗಾಜು ತಣ್ಣಗೇ ಇರುತ್ತೆ, ಹಿಮ ಮೆತ್ಕೊಂಡು ಬೆಳಕು ಮುಚ್ಚುತ್ತೆ. ಕುರುಡಾಗಿದ್ದು ನಿನ್ನ ಕಾರು.”

“ಸಮಾಧಾನಕ್ಕೆ ಹೇಳ್ಬೇಡ.”

“ಆ ಗೋಡೆ ಕ್ಯಾಲೆಂಡರ್ ಓದು, ನೋಡೋಣ.”

ಮಾಯ್ವೋರ್ ತಿಂಗಳ ಹೆಸರು ಓದಿದಳು, ವಾರಗಳನ್ನು ಓದಿದಳು, ಮೂಲೆಯಲ್ಲಿದ್ದ ಮುದ್ರಕನ ಫೋನ್ ನಂಬರನ್ನೂ ತಪ್ಪದೆ ಓದಿದಳು. ರಾಂಗ್‌ಹಿಲ್ಡ್ ಕಣ್ಣು ಕಿರಿದು ಮಾಡಿ ನೋಡಿದಳು. ಅವಳಿಗೆ ತಿಂಗಳ ಹೆಸರೂ ಕಾಣಲಿಲ್ಲ.

“ಗಾಜು ತಾನೇ ಬಿಸಿಯಾಗೋ ದೀಪ ನಾಳೆ ಹಾಕ್ಕೊಡ್ತೀನಿ. ಇವತ್ತು ಅಲ್ಲಲ್ಲಿ ನಿಲ್ಲಿಸಿ ಬ್ರಷ್ಷಲ್ಲಿ ಗುಡಿಸ್ಕೋ.”

“ಬ್ರಷ್ ಕೊಡು ಮತ್ತೆ. ನಾಲ್ಕಕ್ಕೆ ಮೇಲಿನೂರಲ್ಲಿ ಆಲ್ಗೋತ್ ಅಜ್ಜ ಸೂಜಿಗೆ ಅಂಗಿ ತೋಳು ಮಡಚ್ಕೊಂಡು ಕಾಯ್ತಿರ್ತಾನೆ.”

“ಆಫೀಸಿಗೆ ಫೋನು?”

“ಯಾವ ಫೋನು?” ಎನ್ನುತ್ತ ಅವಳು ಟೋಪಿ ಎಳೆದುಕೊಂಡು ಹೊರಟೇಬಿಟ್ಟಳು.