ಎಂಟು ನಿಮಿಷ ನೆನೆದ ಕೊಳವೆ

ಶಶಿಧರ್ ಬಿನ್ ಮುದ್ದಯ್ಯ, 41 ವರ್ಷ, ವ್ಯವಸಾಯ, ನಿಡಘಟ್ಟ ಗ್ರಾಮ, ಮದ್ದೂರು ತಾಲ್ಲೂಕು. ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಭಾವ ಮಹದೇವು ಅವರ ಸಾವಿನ ಬಗ್ಗೆ ದಿನಾಂಕ 13-11-2024ರಂದು ದೂರು ಕೊಟ್ಟಿದ್ದೆ. ಅದರಲ್ಲಿ ನಾನು ಬರೆಸದೆ ಬಿಟ್ಟಿದ್ದನ್ನು ಮೊದಲು ಹೇಳಿದವರು ಬ್ಲಫ್ ಎಂಬ ಊರಿನ ಬೆಳ್ಳಮ್ಮ, 68 ವರ್ಷ. ನಿನ್ನೆ ಮಧ್ಯಾಹ್ನ ಹನ್ನೊಂದನೇ ದಿನದ ಊಟಕ್ಕೆ ಬಂದು, ಎಲೆ ಮುಂದೆ ಕೂತು ನನ್ನ ಅಕ್ಕ ನಾಗಮಣಿಗೆ ಹೇಳಿದರು.

“ಅವತ್ತು ಆಸ್ಪತ್ರೇಲಿ ನಂದು ಏಳನೇ ನಂಬರು ಕಣಮ್ಮ. ಬಸ್ಸು ತಪ್ಪೋಯ್ತದೆ ಅಂತಿದ್ದೆ. ನಿನ್ ಗಂಡ ನೀನೇ ಮೊದ್ಲು ಓಗವ್ವ ಅಂತ ಕಳುಸ್ದ, ಪುಣ್ಯಾತ್ಮ.”

ಅಕ್ಕ ನನ್ನ ಕಡೆ ತಿರುಗಿ, “ಮೊದ್ಲು ಒಳಕ್ಕೋದೋರು ನಮ್ಮವ್ರೆ ಅಂತ ಅಲ್ವೇನ್ಲಾ ನೀನು ಬರೆಸಿದ್ದು?” ಎಂದು ಕೇಳಿದಳು. ನಾನು ಎಲ್ಲರೆದುರು ನಡೆದದ್ದನ್ನು ಹೇಳಿದೆನು.

ಅಕ್ಕ ಮೂರು ವರ್ಷದ ಹಿಂದೆ ಭಾವನಿಗೆ ತನ್ನ ಒಂದು ಕಿಡ್ನಿ ಕೊಟ್ಟಿದ್ದಳು. ಅದು ಉಳಿಯಲೆಂದು ಭಾವ ದಿನವೂ ಮಾತ್ರೆ ನುಂಗುತ್ತಿದ್ದರು. ಅದರಿಂದ ಮೈಯ ರೋಗನಿರೋಧಕ ಶಕ್ತಿ ಕಡಿಮೆ. ಹಾಗಾಗಿ ದಿನಾಂಕ 4-11-2024ರಂದು ಮದ್ದೂರಿನ ನರ್ಸಿಂಗ್ ಹೋಮಿನಲ್ಲಿ ಹೊಟ್ಟೆಯೊಳಕ್ಕೆ ಕೊಳವೆ ಬಿಟ್ಟು ನೋಡಲು ವೈದ್ಯರು, ಕೊಳವೆಯನ್ನು ಬೇರೆಯವರಿಗೆ ಬಳಸುವ ಮೊದಲೇ ಆಗಲೆಂದು, ಇವರಿಗೆ ಮೊದಲನೇ ಸರದಿ ಕೊಟ್ಟಿದ್ದರು. ಬೆಳಿಗ್ಗೆ 9.15ಕ್ಕೆ ಭಾವ ಸರದಿಯನ್ನು ಬೆಳ್ಳಮ್ಮನಿಗೆ ಬಿಟ್ಟರು. ಕೊಳವೆ ಇದ್ದದ್ದು ಒಂದೇ. 9.35ಕ್ಕೆ ಅದನ್ನು ತೊಳೆದು ಕ್ರಿಮಿ ಸಾಯುವ ಔಷಧಿ ನೀರಿಗೆ ಹಾಕಿದ ಅಲ್ಲಿನ ಸಹಾಯಕಿ ದೀಪಿಕ, 22 ವರ್ಷ, ಇಪ್ಪತ್ತು ನಿಮಿಷ ನೆನೆಯಬೇಕು ಎಂದಳು.

ಭಾವ ಹಿಂದಿನ ರಾತ್ರಿಯಿಂದ ಉಪವಾಸವಿದ್ದರು. ಕಿಡ್ನಿ ಮಾತ್ರೆಯ ಹೊತ್ತು ಒಂಬತ್ತು ಗಂಟೆ, ಅದು ಮೀರಿತ್ತು. ಗುಟುಕು ನೀರಲ್ಲಿ ಮಾತ್ರೆ ಕೊಡಬಹುದೇ ಎಂದು ನಾನು ಯಾರನ್ನೂ ಕೇಳಲಿಲ್ಲ. “ಉಪ್ಪಿನಕಾಯಿ ಆಕಿದ್ದೀಯೇನಮ್ಮ, ನೆನೀಲಿ ಅನ್ನಕ್ಕೆ? ತೆಗಿ ಬುಡು” ಎಂದೆನು. ಆಕೆ ಎರಡು ಸಲ ಆಗಲ್ಲ ಎಂದಳು. ಮಾಲೀಕರಿಗೆ ಹೇಳುತ್ತೇನೆ ಎಂದು ಜೋರು ಮಾಡಿದೆ. 9.43ಕ್ಕೆ ತೆಗೆದಳು. ಅದನ್ನೇ ಭಾವನಿಗೆ ಬಿಟ್ಟರು.

6ನೇ ತಾರೀಖು ಚಳಿ ಜ್ವರ ಬಂತು. 12ರಂದು ಮೈಸೂರಿನಲ್ಲಿ ತೀರಿಕೊಂಡರು. ರಕ್ತಕ್ಕೆ ಸೋಂಕು ಸೇರಿದೆ, ಕೊಳವೆಯಿಂದ ಬಂದಿರಬಹುದು, ಮಾತ್ರೆ ನುಂಗುವ ಮೈ ಅದನ್ನು ತಡೆಯಲಾರದು ಎಂದು ಅಲ್ಲಿನ ವೈದ್ಯರು ಹೇಳಿದರು. ದೂರಿನಲ್ಲಿ ನಾನು ದೀಪಿಕಳ ಹೆಸರು ಮಾತ್ರ ಬರೆಸಿದೆ, ನಾನು ಜೋರು ಮಾಡಿದ್ದನ್ನು ಬಿಟ್ಟೆ. ಆಕೆಯನ್ನು ಕೆಲಸದಿಂದ ತೆಗೆದಿದ್ದಾರೆ.

ಈ ದಿನ ಬೆಳಿಗ್ಗೆ, ಊಟದಲ್ಲಿ ಕೇಳಿದವರ ಪೈಕಿ ಬೆಳ್ಳಮ್ಮ ಮತ್ತು ಐವರು ನನ್ನೊಂದಿಗೆ ಠಾಣೆಗೆ ಬಂದು ಹೊರಗೆ ಕುಳಿತಿದ್ದಾರೆ. ಅಕ್ಕ ಬಂದಿಲ್ಲ. “ನೀನು ಓಗಿ ಬರೆಸು. ನಾನು ಕೆಲ್ಸ ಕಳ್ಕೊಂಡ ಆ ಮಗೀನ ಮನೆಗೋಗಿ ಬತ್ತೀನಿ” ಎಂದು 8.20ರ ಬಸ್ಸು ಹತ್ತಿದಳು.

ಓದಿ ಹೇಳಿದ್ದನ್ನು ಕೇಳಿದೆನು. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಮದ್ದೂರು
ದಿನಾಂಕ: 23-11-2024
ಸಹಿ: ಶಶಿಧರ್