ಮಿಂಚುಹುಳಕ್ಕೆ ಕೂದಲೆಲ್ಲಿ?

...ಏಳಬೇಡಿ, ಏಳಬೇಡಿ! ಎಲ್ಲಿಗೆ ಹೊರಟ್ರಿ ಮೇಡಂ? ಎಡಗಡೆ ಜಡೆ, ಬಲಗಡೆ ಪೊದೆ. ಹೀಗೇ ಅಕಾಟ್ಸಿ ಸಂತೆ ದಾಟಿದ್ರೆ ಮೇಕೆಗಳು ಕೂಡ ಹೆದರಿ ದಾರಿ ಬಿಡ್ತವೆ. ಕೂತ್ಕೊಳ್ಳಿ. ಹಾಂ, ಹಾಗೆ. ಮುಗಿಸಲ್ಲ ಅಂತ ಯಾರಂದ್ರು? ಬಲಗಡೇನೂ ಹೆಣೀತೀನಿ, ಚೌರಿ ಸೇರಿಸಿ ಸೊಂಟದವರೆಗೂ ಇಳಿಸ್ತೀನಿ. ಆದ್ರೆ ಮೊದಲು ನೀವು ಬರೀಬೇಕು. ಅಗೋ, ಕನ್ನಡಿ ಹತ್ರ ನೋಟ್‌ಬುಕ್ಕಿದೆ, ಪೆನ್ನಿದೆ. ನಿಮ್ಮ ಕಾದಂಬರಿಯ ಮೂರನೇ ಭಾಗ. ಮೊದಲನೇ ಸಾಲು: 'ಕೆಕೆಲಿ ಬಂದ.' ಅಷ್ಟೇ! ಅಷ್ಟು ಬರೆದ್ರೆ ಬಾಚಣಿಗೆ ಕೈಗೆ ತಗೋತೀನಿ.

ಏನು ಹಾಗೆ ನೋಡ್ತೀರಿ? ಗುರುತು ಸಿಗಲ್ಲ ಅಂದ್ಕೊಂಡ್ರಾ? ಲೋಮೆಗೆ ಹೋಗೋ ವ್ಯಾನಿನ ಟೈರು ಒಡೀತು, ಹೊತ್ತು ಹೋಗ್ಲಿ ಅಂತ ತಲೆ ಹೆಣಿಸ್ಕೊಳ್ಳೋಕೆ ಬಂದ್ರಿ. ಕರೀ ಕನ್ನಡಕ ಬೇರೆ. ಆದ್ರೆ ಗದ್ದದ ಮಚ್ಚೆ ಏನ್ಮಾಡಿದ್ರಿ? ಪುಸ್ತಕದ ಹಿಂದಿನ ರಟ್ಟಿನ ಮೇಲೆ ಆ ಮಚ್ಚೇನ ನೂರು ಸಲ ನೋಡಿದ್ದೀನಿ ನಾನು. ಡೆಲಾಸಿ ಮೇಡಂ, ಈ ಅಂಗಡಿಯಲ್ಲಿ ನಿಮ್ಮ ಮೊದಲನೇ ಭಾಗಾನ ಐದು ಸಲ ಗಟ್ಟಿಯಾಗಿ ಓದಿದ್ದೀನಿ. ಐದು ಸಲ! ಅಕ್ಷರ ಬಾರದೋರೆಲ್ಲ ಇಲ್ಲೇ, ಈ ಬೆಂಚಿನ ಮೇಲೆ ಕೂತು ಕೇಳಿದ್ದಾರೆ. ಕೆಲವರು ತಲೆ ಬಾಚಿಸೋದು ಏನೂ ಇಲ್ಲದೆ ಬಂದು ಕೂರ್ತಿದ್ರು. ಒಬ್ಬಳಂತೂ ತಲೆ ಬೋಳಿಸ್ಕೊಂಡೋಳು!

ನಗ್ತೀರಾ? ನಗಿ. ನಿಮಗೆ ನಗು.

ಅಲ್ಲ ಮೇಡಂ, ನಮ್ಮಜ್ಜಿ ಕಾಲದಿಂದ ಅಡ್ಜೆ ಅಂದ್ರೆ ಏನು? ಕತ್ತಲಾದ್ರೆ ಮಿಂಚುಹುಳ ಆಗಿ ಬಾಗಿಲ ಸಂದಿಯಲ್ಲಿ ನುಗ್ಗೋದು, ಮಲಗಿದೋರ ರಕ್ತ ಹೀರೋದು, ಹಿಡಿದ್ರೆ ಮನುಷ್ಯ ಆಗೋದು. ಹೆಸರು ಹೇಳಿದ್ರೆ ನಾವು ಚಾಪೆ ಒದ್ದೆ ಮಾಡ್ಕೋತಿದ್ವಿ! ಅಂಥದನ್ನ ತಗೊಂಡು ನೀವೇನ್ಮಾಡಿದ್ರಿ? ನರ್ಸು ಯಾಯ್ರಾ ಆ ಹುಳಾನ ಲೋಟದ ಕೆಳಗೆ ಹಿಡೀತಾಳೆ. ಲೋಟ ಎತ್ತಿದ್ರೆ ಆರಡಿ ಗಂಡಸು! ಹೆಸರು ಕೆಕೆಲಿ. ನಿನ್ನ ರಕ್ತ ನನಗೆ ಬೇಡ, ಒಂದು ಬಟ್ಟಲು ತಾಳೆ ಎಣ್ಣೆ ಸಾಕು ಅಂತಾನೆ. ಬೇಡ ಅಂದ! ಯಾವ ಗಂಡಸು ನಮಗೆ ಹಾಗಂದಿದ್ದಾನೆ ಹೇಳಿ? ನಮ್ಮನ್ನ ಹೀರೋದು ಬಿಟ್ಟು ಬೇರೆ ಏನು ಮಾಡಿದ್ದಾರೆ ಇವರು? ಮನೆಯೋನು ಹೀರ್ತಾನೆ, ಪಾದ್ರಿ ಹೀರ್ತಾನೆ, ಓಟಿಗೆ ಬರೋನು ಹೀರ್ತಾನೆ. ಬೇಡ ಅಂದೋನು ಒಬ್ಬನೇ, ಅವನೊಬ್ಬ ರಕ್ತಪಿಶಾಚಿ!

ಆವತ್ತಿಂದ ಬೀದೀಲಿ ಪ್ರತಿ ಬಾಗಿಲಲ್ಲೂ ಒಂದೊಂದು ಬಟ್ಟಲು ತಾಳೆ ಎಣ್ಣೆ. ಕೆಕೆಲಿ ಬರಲಿಲ್ಲ, ಇರುವೆ ಬಂದ್ವು. ಟೊಮೇಟೊ ಮಾರೋ ಎಸಿನಾಮ್ ಗಂಡ ಹೊಟ್ಟೆಕಿಚ್ಚಿಗೆ, ತಾನೂ ಮಿಂಚುಹುಳ ಅಂತ, ಬಾಯಲ್ಲಿ ಟಾರ್ಚ್ ಕಚ್ಕೊಂಡು ಬಾಗಿಲ ಸಂದಿ ಹತ್ರ ತೆವಳಿದ. ಅವಳು ಒನಕೆ ತಗೊಂಡು ಬೆನ್ನಿಗೆ ಹಾಕಿದ್ಲು. ಇನ್ನೂ ಬಗ್ಗಿಕೊಂಡೇ ನಡೀತಾನೆ.

ತಲೆ ಅಲ್ಲಾಡಿಸಬೇಡಿ, ಜಡೆ ಸಡಿಲ ಆಗುತ್ತೆ.

ಆಮೇಲೆ ಬಂತಲ್ಲ ನಿಮ್ಮ ಎರಡನೇ ಭಾಗ! ಕೆಕೆಲೀನ ಸಾಯಿಸಿಬಿಟ್ರಿ! ಸಾಯಿಸೋಕೆ ನಿಮಗೆ ಯಾರು ಅಧಿಕಾರ ಕೊಟ್ರು? ನಾವು ಕೇಳಿದ್ವಾ? ಮೀನು ಸುಡೋ ಅಜೋವಿ ಪುಸ್ತಕಾನ ಒಲೆಗೆ ಎಸೆದ್ಲು. ಆಮೇಲೆ ಕಡೇ ಎರಡು ಪುಟ ಬಾಕಿ ಇದೆ ಅಂತ ನೆನಪಾಗಿ ಬೆಂಕಿಗೆ ಕೈ ಹಾಕಿ ಎಳೆದು ಓದಿದ್ಲು. ಕೈ ಸುಟ್ಕೊಂಡಿದ್ದಕ್ಕೂ ನಿಮ್ಮನ್ನೇ ಬೈತಿದ್ದಾಳೆ. ಉಪದೇಶಿ ಫಿಡೆಲಿಸ್ ಇದ್ದಾರಲ್ಲ, ಭಾನುವಾರ ಚರ್ಚಿನಲ್ಲಿ 'ಸೈತಾನನ ಪುಸ್ತಕ' ಅಂತ ಗುಡುಗಿದ್ರು. ಸೋಮವಾರ ಅಂಗಡಿ ಹಿತ್ತಲಿಗೆ ಬಂದು ಪಿಸುಪಿಸು ಅಂತ, 'ಅಕೋರ್ಫಾ ತಂಗಿ, ಅವನು ನಿಜವಾಗ್ಲೂ ಸತ್ನಾ?' ಅಂತ ಕೇಳಿದ್ರು. ಕಣ್ಣಲ್ಲಿ ನೀರು ಮೇಡಂ! ವ್ಯಾನ್ ಓಡಿಸೋ ಕ್ವಾಶಿ ಹಿಂದಿನ ಗಾಜಿನ ಮೇಲೆ 'ಕೆಕೆಲಿ ಬರ್ತಾನೆ' ಅಂತ ದೊಡ್ಡದಾಗಿ ಬರೆಸಿದ್ದ. ಈಗ ಅರ್ಧ ಊರು ಅವನ ವ್ಯಾನ್ ಹತ್ತಲ್ಲ, ಇನ್ನರ್ಧ ಊರು ಬೇರೆ ವ್ಯಾನ್ ಹತ್ತಲ್ಲ.

ಹೌದು, ಎರಡು ಪಾರ್ಟಿ ಆಗಿದೆ. 'ಸತ್ತ' ಪಾರ್ಟಿ ಮೀನಿನೋರದ್ದು. 'ಬರ್ತಾನೆ' ಪಾರ್ಟಿ ನಮ್ಮದು, ಅಧ್ಯಕ್ಷೆ ನಾನೇ. ಅವರು ನಮಗೆ ಮೀನು ಕೊಡಲ್ಲ, ನಾವು ಅವರ ತಲೆ ಮುಟ್ಟಲ್ಲ. ಮೂರು ವಾರದಿಂದ ನಾವು ಬರೀ ಮೆಣಸಿನಕಾಯಿ ಚಟ್ನಿಯಲ್ಲಿ ಊಟ ಮಾಡ್ತಿದ್ದೀವಿ, ಅವರು ತಲೆಗೆ ಬಟ್ಟೆ ಕಟ್ಕೊಂಡು ಓಡಾಡ್ತಿದ್ದಾರೆ. ನೋಡೋಣ, ಯಾರು ಮೊದಲು ಬಗ್ತಾರೆ ಅಂತ!

ಅವರ ಧಿಮಾಕು ಕೇಳಿ. ಈ ಶನಿವಾರ ಕೆಕೆಲಿಯ ಅಂತ್ಯಕ್ರಿಯೆ ಅಂತೆ! ಶಾಮಿಯಾನ ಹೇಳಿದ್ದಾರೆ, ಪ್ಲಾಸ್ಟಿಕ್ ಕುರ್ಚಿ ಹೇಳಿದ್ದಾರೆ, ಎಲ್ಲರಿಗೂ ಒಂದೇ ಥರ ಕಪ್ಪು ಕೆಂಪು ಬಟ್ಟೆ. ಪೋಸ್ಟರ್ ಕೂಡ ಹಾಕಿಸಿದ್ದಾರೆ, ಅಗೋ ಎದುರು ಗೋಡೆ ಮೇಲೆ. ಕೆಕೆಲಿಯ ಫೋಟೋ ಎಲ್ಲಿಂದ ತರ್ತಾರೆ? ಕರೆಂಟ್ ಆಫೀಸಿನ ಲೈನ್‌ಮನ್ ಸೆಲೋಮ್‌ದು ಹಾಕಿದ್ದಾರೆ, ಅವನೇ ಚೆನ್ನಾಗಿದ್ದಾನೆ ಅಂತ! ಅವನ ತಾಯಿ ಹಳ್ಳಿಯಿಂದ ಬಂದೋಳು ಪೋಸ್ಟರ್ ನೋಡಿ ಚೀರ್ಕೊಂಡು ಬಿದ್ಲು. ಮಗ ಕಂಬದ ಮೇಲಿಂದ 'ಅಮ್ಮಾ, ಇಲ್ಲಿದ್ದೀನಿ' ಅಂದ್ರೆ, 'ಅಯ್ಯೋ, ಮೇಲಿಂದ ಕರೀತಿದ್ದಾನೆ' ಅಂತ ಇನ್ನೊಂದು ಸಲ ಬಿದ್ಲು.

ನಗಬೇಡಿ ಅಂದ್ನಲ್ಲ! ನನಗೆ ನಗು ಬರ್ತಿಲ್ಲ. ಶನಿವಾರಕ್ಕೆ ಇನ್ನು ಮೂರೇ ದಿನ. ಅಷ್ಟರೊಳಗೆ ನಿಮ್ಮ ಕೈಬರಹದಲ್ಲಿ 'ಬಂದ' ಅಂತ ಒಂದು ಸಾಲು ನನಗೆ ಬೇಕು. ಅದನ್ನ ಆ ಪೋಸ್ಟರ್ ಮೇಲೆ ಅಂಟಿಸ್ತೀನಿ. ನಿಲ್ಲುತ್ತೆ ಎಲ್ಲಾ. ಶಾಮಿಯಾನ, ಕುರ್ಚಿ, ಅಳು... ಎಲ್ಲಾ ನಿಲ್ಲುತ್ತೆ.

ಪೆನ್ನು ಮುಟ್ಟಲ್ವಾ? ಸರಿ. ವಾದಕ್ಕೆ ಬನ್ನಿ. ನೂರಾ ನಲವತ್ತನೇ ಪುಟ. ಕೆಕೆಲಿ ಮರಳುಗಾಡು ದಾಟಿ, ಸಮುದ್ರದ ಮೇಲೆ ಬೆಳಕು ಆರಿ ಸತ್ತ ಅಂತೀರಿ. ಹೆಣ ಸಿಗಲಿಲ್ಲ. ಅವನ ಸೋದರತ್ತೆಯರು ಯಾಯ್ರಾ ಹತ್ರ ಬಂದು ಅವನ ಕೂದಲು ಕೊಡು ಅಂತಾರೆ. ನಮ್ಮಲ್ಲಿ ಪದ್ಧತಿ ಹೌದು, ಪರದೇಶದಲ್ಲಿ ಸತ್ತು ಹೆಣ ಬರದಿದ್ರೆ ಕೂದಲು, ಉಗುರು ತಂದು ಊರಲ್ಲಿ ಹೂಳ್ತಾರೆ. ಒಪ್ಪಿದೆ. ಆದ್ರೆ ಮೇಡಂ, ಅವನು ಮಿಂಚುಹುಳ! ಮಿಂಚುಹುಳಕ್ಕೆ ಕೂದಲೆಲ್ಲಿ? ಹಾಂ? ಉಗುರೆಲ್ಲಿ? ಸಿಕ್ಕಿಬಿದ್ರಿ!

ಏನು? ಮನುಷ್ಯ ಆಗಿದ್ದಾಗ ಯಾಯ್ರಾನೇ ಕತ್ತರಿಸಿದ್ದು ಅಂತಾನಾ ತೋರಿಸ್ತಿದ್ದೀರಿ ಬೆರಳಲ್ಲಿ? ಗೊತ್ತು ರೀ. ಹೊರಡೋ ಹಿಂದಿನ ದಿನ, ಅಂಗಳದಲ್ಲಿ ಕೂರಿಸ್ಕೊಂಡು, ಕುತ್ತಿಗೆ ಹಿಂದೆ ಊದಿ ಊದಿ... ಓದಿದ್ದೀನಿ. ಚೆನ್ನಾಗೇ ಬರೆದಿದ್ದೀರಿ ಅದನ್ನ. ಆದ್ರೆ ಕೊಟ್ಟುಬಿಡೋದಾ? ಕೇಳಿದ ತಕ್ಷಣ ಕೊಟ್ಟುಬಿಡ್ತಾಳಲ್ಲ ನಿಮ್ಮ ಯಾಯ್ರಾ! ಎಂಥಾ ಹೆಂಗಸು ಅವಳು? ಸತ್ತ ಅಂತ ಯಾರು ನೋಡಿದ್ರು? ಯಾರೋ ಜೊತೆಯೋನು ಫೋನ್ ಮಾಡಿದ್ನಂತೆ. ಹೆಸರಿಲ್ಲ, ಊರಿಲ್ಲ! ಫೋನ್ ಮಾಡಿದ್ರೆ ಸತ್ತುಹೋದ್ನಾ? ಕತ್ತಲೆ, ಅಲೆ, ರಬ್ಬರ್ ದೋಣಿಯಲ್ಲಿ ತೊಂಬತ್ತು ಜನ, ಯಾರು ಯಾರನ್ನ ನೋಡಿದ್ರು ಅಲ್ಲಿ? ಬೇರೆ ದೋಣಿ ಬಂದು ಎತ್ತಿಕೊಂಡಿರಬಹುದಲ್ಲ? ಎಲ್ಲೋ ಜೈಲಿನಲ್ಲಿ ಇರಬಹುದಲ್ಲ? ಫೋನ್ ನಂಬರ್ ಮರೆತಿರಬಹುದಲ್ಲ!

...ಏನು? ಯಾಕೆ ತಿರುಗಿದ್ರಿ?

ದೋಣಿ ಇಲ್ವಾ ಪುಸ್ತಕದಲ್ಲಿ? ಹೌದು... ಹೌದು, ಇಲ್ಲ. ಅವನು ಹಾರಿಕೊಂಡೇ ಹೋದ. ರೆಕ್ಕೆ ಇತ್ತಲ್ಲ. ನಾನೇನೋ ಅಂದೆ. ಮಾತಿನ ಭರದಲ್ಲಿ ಬಂತು. ಮುಂದೆ ನೋಡಿ, ಮುಂದೆ. ಕನ್ನಡಿ ನೋಡಿ.

ನನ್ನ ಗಂಡಾನಾ? ಡೋಟ್ಸೆ? ಅವನ ಮಾತ್ಯಾಕೆ ಈಗ? ಇದ್ದಾನೆ. ಕೆಲಸದ ಮೇಲೆ ಹೋಗಿದ್ದಾನೆ. ಮೂರು ವರ್ಷ ಆಯ್ತು. ದೊಡ್ಡ ಕೆಲಸ ಅಂದ್ರೆ ಹೊತ್ತು ಹಿಡಿಯುತ್ತೆ. ಬರ್ತಾನೆ.

ಅತ್ತ ನೋಡಬೇಡಿ. ಅದು ಬಿಸ್ಕತ್ ಡಬ್ಬಿ. ಬಿಸ್ಕತ್ತೇ ಇದೆ ಅದರಲ್ಲಿ... ಬೇಡ, ಹಳೇದು, ಮೆತ್ತಗಾಗಿದೆ, ಕೊಡಲ್ಲ. ಬೀಗ ಯಾಕೆ ಅಂದ್ರೆ... ಇರುವೆಗೆ! ಹೇಳಿದ್ನಲ್ಲ, ಬೀದಿ ತುಂಬಾ ಇರುವೆ ಅಂತ. ಇರುವೆಗೆ ಬೀಗ ಹಾಕಬಾರದಾ?

ಈಗ ನಗಬಹುದಿತ್ತಲ್ಲ ನೀವು. ಈಗ ಯಾಕೆ ನಗಲ್ಲ?

ಏನು ನೋಡ್ತಿದ್ದೀರಿ ಕಿಟಕಿಯಾಚೆ? ಸೆಲೋಮ್ ಪೋಸ್ಟರ್ ತಾನೇ? ಅದರ ಪಕ್ಕದ್ದಾ? ಪಕ್ಕದ್ದು ಬೇರೆ. ಬೇರೆಯೋರದ್ದು. ಈ ಊರಲ್ಲಿ ದಿನಾ ಯಾರಾದ್ರೂ ಸಾಯ್ತಾರೆ, ಗೋಡೆ ಖಾಲಿ ಇರಲ್ಲ. ಅಷ್ಟು ದೂರದಿಂದ ನಿಮಗೆ ಓದೋಕಾಗಲ್ಲ ಬಿಡಿ.

...ಒಳಗೆ ಬರೋ ಮುಂಚೇನೇ ಓದಿದ್ರಾ.

ಪೂರ್ತಿ ಓದಿದ್ರಾ? ಕೆಳಗಿನ ಸಣ್ಣಕ್ಷರಾನೂ? 'ವಿಧವೆ: ಅಕೋರ್ಫಾ' ಅಂತ. ಓದ್ಕೊಂಡು, ತಲೆ ಎತ್ತಿ ಈ ಅಂಗಡಿ ಬೋರ್ಡಲ್ಲಿ ಅದೇ ಹೆಸರು ನೋಡಿದ್ರಿ. ಅದಕ್ಕೇ ಬಂದ್ರಾ ಒಳಗೆ? ಟೈರು ಒಡೆದಿದ್ದು ನಿಜ ತಾನೇ? ನಿಜ ಅಂತೀರಾ. ಸರಿ.

ಬೆಳಗಿಂದ ನಾನು ಕೂಗಾಡ್ತಿದ್ದೀನಿ, ನೀವು ಸುಮ್ಮನೆ ಕೂತಿದ್ದೀರಿ. ಒಂದು ಮಾತಲ್ಲಿ ಬಾಯಿ ಮುಚ್ಚಿಸಬಹುದಿತ್ತು ನನ್ನ.

ಆ ಪೋಸ್ಟರ್ ಹಾಕಿಸಿದ್ದು ನನ್ನ ಭಾವ, ಡೋಟ್ಸೆಯ ಅಣ್ಣ. ನನ್ನನ್ನ ಕೇಳಲಿಲ್ಲ. ಅದೇ ಶನಿವಾರ, ಅದೇ ಶಾಮಿಯಾನ. ಬೆಳಗ್ಗೆ ಡೋಟ್ಸೆ, ಮಧ್ಯಾಹ್ನ ಕೆಕೆಲಿ. ಒಂದೇ ಕುರ್ಚಿ ಎರಡಕ್ಕೂ ಆಗುತ್ತೆ ಅಂತ ಅಜೋವಿ ಮಾತಾಡ್ಕೊಂಡಿದ್ದಾಳೆ. ನಾಳೆ ಬೆಳಗ್ಗೆ ಭಾವ ಬರ್ತಾನೆ, ಡಬ್ಬಿಗೆ. ಹೊರಡೋ ಹಿಂದಿನ ದಿನ ಅವನ ಕೂದಲು ಕತ್ತರಿಸಿದ್ದು ನಾನೇ ಅಂತ ಅವರಿಗೆ ಗೊತ್ತು. ನಾನಲ್ಲದೆ ಇನ್ಯಾರು ಅವನ ತಲೆ ಮುಟ್ತಿದ್ರು? ಗುಡಿಸಿ ಎಸೀಬೇಕಿತ್ತು. ಎಸೀಲಿಲ್ಲ. ಏನೂ ಯೋಚನೆ ಮಾಡ್ಲಿಲ್ಲ, ಕೈ ತಾನೇ ಆ ಡಬ್ಬಿಯೊಳಗೆ ಎತ್ತಿಟ್ಟಿತು. ಕೊಟ್ರೆ ಹೂಳ್ತಾರೆ. ಹೂಳಿದ ಮೇಲೆ ಅವನು ಬಂದು ಬಾಗಿಲು ತಟ್ಟಿದ್ರೆ ನಾನೇನು ಹೇಳ್ಲಿ? ನಿನ್ನನ್ನ ಹೂತಾಯ್ತು, ಹೋಗು ಅನ್ನಲಾ? ಕೊಡಲ್ಲ ಅಂದೆ. ನನ್ನ ಹಾಗೆ ಯಾಯ್ರಾನೂ ಕೊಡಲ್ಲ ಅಂತಾಳೆ ಅಂದ್ಕೊಂಡು ನಿಮ್ಮ ಪುಸ್ತಕ ಬಿಚ್ಚಿದ್ರೆ... ಕೊಟ್ಟುಬಿಟ್ಲು. ನನ್ನ ಕಡೆಗೆ ಒಬ್ಬಳೂ ಇಲ್ಲದ ಹಾಗೆ ಮಾಡಿದ್ರಿ ನೀವು.

ಯಾಕೆ? ಯಾಕೆ ಹಾಗೆ ಬರೆದ್ರಿ? ಹೇಳಿ, ಈಗಾದ್ರೂ ಬಾಯಿ ಬಿಡಿ!

...ಏನಿದು. ಕನ್ನಡಕ ತೆಗೀರಿ. ಅಯ್ಯೋ, ನೀವ್ಯಾಕೆ ಅಳ್ತೀರಿ? ಬೈದಿದ್ದಕ್ಕಾ? ಅಲ್ವಾ? ಮತ್ತೆ...

ನೀವು ಕೊಟ್ರಾ ಅಕ್ಕಾ? ಯಾರದ್ದು? ತಮ್ಮಂದಾ?

ಹೂಂ.

ಹೂಂ... ಅದಕ್ಕೆ ಚೆನ್ನಾಗಿ ಬರೆದಿದ್ದೀರಿ ಕುತ್ತಿಗೆ ಹಿಂದೆ ಊದೋದು.

ಏನು, ಪೆನ್ನು ತಗೊಂಡ್ರಾ? ಕೆಳಗಿಡಿ. ಬರೀಬೇಡಿ. ನೀವು 'ಬಂದ' ಅಂತ ಬರೆದ್ರೂ ನಾನು ನಂಬಲ್ಲ ಈಗ. ತಲೆ ಬಗ್ಗಿಸಿ, ಬಲಗಡೆ ಶುರು ಮಾಡ್ತೀನಿ. ಬಿಗಿ ಆದ್ರೆ ಹೇಳಿ.

ಅಕ್ಕಾ, ಒಂದು ಕೇಳ್ಲಾ? ನೀವು ತಿಳಿದೋರು. ಅರ್ಧ ಕೊಟ್ರೆ ನಡೆಯುತ್ತಾ? ನಾಳೆ ಭಾವನ ಕೈಗೆ ಅರ್ಧ ಹಾಕ್ತೀನಿ, ಹೂಳ್ಕೊಳ್ಲಿ. ಅರ್ಧ ಡಬ್ಬಿಯಲ್ಲೇ ಇರ್ಲಿ. ಅಲ್ಲಿ ಎಷ್ಟಿದೆ, ಏನು ಅಂತ ಯಾರು ನೋಡಿದ್ದಾರೆ?

ಡಬ್ಬೀನೇ ನೋಡ್ತಿದ್ದೀರಿ.

ಪೂರ್ತಿ ಕೊಟ್ರಾ ನೀವು?... ಒಂದೆಳೆ ಕೂಡ ಇಟ್ಕೊಳ್ಳಲಿಲ್ವಾ?