ಬುರುಲ್ಚಾ ಆಪಾಳ ಬಾಯ್ಲರ್

ನಗಬೇಡಿ. ಇದು ನನ್ನ ಚಿಕ್ಕಮ್ಮನ ಮಗ, ಬೆಸುಗೆ ಕೆಲಸದ ಜುಮಗಾಜಿಗೆ ಆದದ್ದು. ಇಲ್ಲೇ ನಾರಿನ್ ಊರಲ್ಲಿ, ನಮ್ಮ ಬೀದಿಯಲ್ಲೇ. ಆ ಪಾಪದಲ್ಲಿ ನನ್ನ ಪಾಲೂ ಇದೆ, ಅದಕ್ಕೇ ಹೇಳ್ತಿದ್ದೀನಿ.

ಜನವರಿ ತಿಂಗಳು. ಮೂರು ದಿನ ಪಕ್ಕದೂರಿನ ಮದುವೆಯಲ್ಲಿ ಕುಡಿದು ತಿಂದು ಜುಮಗಾಜಿ ರಾತ್ರಿ ಬೀದಿ ತುದಿಯಲ್ಲಿ ಕಾರಿಳಿದು ಒಬ್ಬನೇ ನಡೆದು ಬರ್ತಿದ್ದ. ಬೀದಿಯ ಬಾವಿ ದಾಟಿದ. ಬೂಟಿನಡಿ ಹಿಮ ಕರಕರ ಅಂತಿತ್ತು. ನಿಂತ... ಆಗ ಇನ್ನೊಂದು ಸದ್ದು. ಟಣ್... ಟಣ್... ತಗಡಿನ ಬೋಗುಣಿಗೆ ನೀರು ತೊಟ್ಟಿಕ್ಕುವ ಸದ್ದು. ಬುರುಲ್ಚಾ ಆಪಾಳ ಮನೆಯಿಂದ.

ಹಣೆ ಚಚ್ಚಿಕೊಂಡ. ಅವಳ ಕೆಲಸ ಮರೆತೇಬಿಟ್ಟಿದ್ದ!

ಆಪಾ ಒಂಟಿ ಮುದುಕಿ, ಬೀದಿಗೆಲ್ಲ ತಾಯಿಯಂಥವಳು. ಮನೆ ಬೆಚ್ಚಗಿಡುವ ಅವಳ ಕಲ್ಲಿದ್ದಲಿನ ಬಾಯ್ಲರ್ ನನಗಿಂತ ಹಳೇದು, ಬೆಸುಗೆ ಬಿಟ್ಟು ಸೋರ್ತಿತ್ತು. ಮೊದಲ ಸಲ ಇವನು, ನಾವೆಲ್ಲ ಮಾಡೋ ಹಾಗೆ, ಸೋರುವ ಬಿರುಕು ಕಟ್ಟಿಕೊಳ್ಳಲಿ ಅಂತ ಒಳಗಿನ ನೀರಿಗೆ ಸಾಸಿವೆ ಪುಡಿ ಸುರಿದು ಕೈ ತೊಳ್ಕೊಂಡಿದ್ದ. ಮತ್ತೆ ಸೋರಿತು. ಬೆಸುಗೆ ಹಾಕೋಣ ಅಂತ ಹೋದರೆ ಬಾಯ್ಲರ್ ಉರೀತಿತ್ತು.

"ಕಾದ ಬಾಯ್ಲರಿಗೆ ಹೇಗೆ ಬೆಸುಗೆ ಹಾಕ್ಲಿ ಆಪಾ? ನನಗೇನು ಬೇರೆ ಕೆಲ್ಸ ಇಲ್ವಾ?" ಅಂತ ರೇಗಿದ. "ಇವತ್ತು ರಾತ್ರಿ ಬೆಂಕಿ ಆರಿಸಿಡಿ. ಬೆಳಿಗ್ಗೆ ಬರ್ತೀನಿ."

ಬೆಳಿಗ್ಗೆ ಮದುವೆಗೆ ಹೊರಟು ಅವನ ಬಾಗಿಲಲ್ಲಿ ಹಾರ್ನ್ ಹೊಡೆದವನು ನಾನು. "ಬಾಯ್ಲರೇನು ಎದ್ದು ಓಡಿಹೋಗುತ್ತಾ? ಹತ್ತೋ ಕಾರು!" ಅಂದವನೂ ನಾನೇ.

ಆ ರಾತ್ರಿ ಆಪಾಳ ಗೇಟಿನ ಹತ್ತಿರ ಯಾರೋ ನಿಂತಿದ್ದರು. ಹತ್ತಿಯ ದಪ್ಪ ಕೋಟು. ತಲೆಗೆ ಬಿಳಿ ವಸ್ತ್ರ.

"ಜುಮಗಾಜಿ ಏನೋ?" ಪಿಸುದನಿ.

"ಹೂಂ ಆಪಾ... ತಡ ಆಯ್ತು."

"ಪರವಾಗಿಲ್ಲ ಮಗಾ. ಬೆಂಕಿ ಆರಿಸಿಟ್ಟಿದ್ದೀನಿ."

"ಅವತ್ತಿಂದಾನಾ? ಮತ್ತೆ ಹಚ್ಚಬಾರದಿತ್ತಾ?"

"ಹಚ್ಚಿದ್ರೆ ನೀನು ಬಂದು ಬೈದು ಹೋಗ್ಬಿಡ್ತಿದ್ದೆ..." ತಲೆಯ ವಸ್ತ್ರ ಸರಿಮಾಡಿಕೊಂಡಳು. "ಈ ಸಲ ಬೈಬೇಡ. ಚೆನ್ನಾಗಿ ತಣ್ಣಗಾಗಿದೆ."

ಸಾಮಾನು ತರ್ತೀನಿ ಅಂತ ಓಡಿದ. ಮನೇಲಿ ಹೆಂಡತಿ ಬರ್ಮೆತ್ ಎದ್ದು ಕೂತಿದ್ದಳು. "ಬಂದ್ಯಾ? ನಿನ್ನ 'ಬೆಳಿಗ್ಗೆ' ಈಗ ಆಯ್ತಾ?"

"ಆಮೇಲೆ ಬೈಯಿ. ಆಪಾಳ ಬಾಯ್ಲರ್..."

ಬರ್ಮೆತ್ ಮುಖ ಬಿಳುಚಿಕೊಂಡಿತು. "ನಿನ್ನೆ ಮಣ್ಣು ಮಾಡಿದ್ವಿ ಕಣೋ. ಚಳಿಗೆ ಹಾಸಿಗೇಲೇ ಸೆಟೆದು ಹೋಗಿದ್ಳು. ಮನೆಯ ಪೈಪೆಲ್ಲ ಮಂಜುಗಡ್ಡೆ."

ಮಂಜುಗಡ್ಡೆ ತೊಟ್ಟಿಕ್ಕುತ್ತಾ? ನೀವೇ ಹೇಳಿ.

ಬೆಳಕಾಗೋ ಮೊದಲೇ ಅವನು ಬಂದು ನನ್ನ ಕದ ಬಡಿದ. ಇಬ್ಬರೂ ಹೋದೆವು. ಮಣ್ಣಿಗೆಂದು ಬೇರೆ ಊರಿಂದ ಬಂದಿದ್ದ ಆಪಾಳ ಮಗಳು ಏನೂ ಕೇಳದೆ ಬೀಗ ತೆಗೆದಳು. ಅವಳು ಬೈದಿದ್ದರೆ ಎಷ್ಟೋ ಹಗುರಾಗ್ತಿತ್ತು. ಐದು ದಿನ ದುಡಿದೆವು. ಒಡೆದ ಪೈಪು ಬದಲಾಯಿಸಿದೆವು, ಅವನು ಬೆಸುಗೆ ಹಾಕಿದ, ಬೆಂಕಿ ಹಚ್ಚಿದೆವು. ಒಂದು ಹನಿ ಸೋರಲಿಲ್ಲ. ಎಲ್ಲ ಕೋಣೆಗಳಲ್ಲೂ ಬಿಸಿನೀರು ಹರಿಯುವ ಗೋಡೆಯ ರೇಡಿಯೇಟರ್‌ಗಳು ಕಾದವು... ಆಪಾಳ ಹಾಸಿಗೆ ಪಕ್ಕದ್ದೊಂದು ಬಿಟ್ಟು.

ಒಳಗೆ ಸಿಕ್ಕಿಕೊಂಡ ಗಾಳಿ ಬಿಡಿಸಿದ. ವಾಲ್ವ್ ಬದಲಾಯಿಸಿದ. ಕೊನೆಗೆ ಹಳೇದು ಕಿತ್ತು ಹೊಸ ರೇಡಿಯೇಟರನ್ನೇ ಹಾಕಿದ. ಈಗ ಆರು ವರ್ಷ. ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ, ಹೋದ ವಾರ ಕೂಡ ನಾನೇ ಮುಟ್ಟಿ ನೋಡಿದೆ. ಒಳಗೆ ಹೋಗುವ ಪೈಪು ಸುಡ್ತಿದೆ. ಹೊರಗೆ ಬರುವ ಪೈಪೂ ಸುಡ್ತಿದೆ. ನಡುವಿನ ಕಬ್ಬಿಣದ ಮೇಲೆ ಹಿಮದ ಹುಡಿ ಕೂತಿದೆ.